ಹೊರಗಿನ ಪರಿಕರ, ಒಳಗಿನ ವಾರಂಟಿ: ಅಮೆರಿಕದ ವಿದ್ಯುತ್ ಪಿಕಪ್ ಟ್ರಕ್ಕುಗಳಲ್ಲಿ ಹೊಣೆಯ ಪ್ರಶ್ನೆ

ಪಿಕಪ್ ಟ್ರಕ್ಕಿಗೆ ಬೇರೆ ಕಂಪನಿಗಳು ತಯಾರಿಸಿದ ಪರಿಕರಗಳನ್ನು ಕೂಡಿಸುವುದು ಅಮೆರಿಕದಲ್ಲಿ ಬಹುಕಾಲದ ರೂಢಿ. ದೊಡ್ಡ ಟೈರು, ಗಾಡಿಯನ್ನು ಎತ್ತರಿಸುವ ಕಿಟ್, ಹಿಂದಿನ ತೊಟ್ಟಿಯ ಮುಚ್ಚಳ, ಚಾವಣಿಯ ಮೇಲಿನ ಡೇರೆ, ಎಲ್‌ಇಡಿ ದೀಪದ ಪಟ್ಟಿ, ಡ್ಯಾಶ್ ಕ್ಯಾಮೆರಾ ಮುಂತಾದವನ್ನು ಮಾಡಿ ಮಾರುವವರದೇ ಒಂದು ದೊಡ್ಡ ಉದ್ಯಮ. ಅವರ ಸಂಘ ಸೆಮಾ ಹುಟ್ಟಿದ್ದು 1963ರಲ್ಲಿ. ಅದರ ವಾರ್ಷಿಕ ಮೇಳ ಲಾಸ್ ವೇಗಾಸ್‌ನಲ್ಲಿ ನಡೆಯುತ್ತದೆ. 2021ರ ಸೆಪ್ಟೆಂಬರಿನಲ್ಲಿ ರಿವಿಯನ್ ಆರ್1ಟಿ, 2022ರ ಮೇ ತಿಂಗಳಲ್ಲಿ ಫೋರ್ಡ್ ಎಫ್-150 ಲೈಟ್ನಿಂಗ್, 2023ರ ನವೆಂಬರ್ ಕೊನೆಗೆ ಟೆಸ್ಲಾ ಸೈಬರ್‌ಟ್ರಕ್ ಗ್ರಾಹಕರ ಕೈ ಸೇರಿದ ಮೇಲೆ ಈ ರೂಢಿಗೆ ಹೊಸದೊಂದು ತೊಡಕು ಬಂತು. ವಿದ್ಯುತ್ ಟ್ರಕ್ಕಿನ ಅತಿ ಬೆಲೆಬಾಳುವ ಭಾಗ ಬ್ಯಾಟರಿ. ಅದು ನೆಲಹಾಸಿನ ಕೆಳಗೆ ಗಾಡಿಯ ಬಹುಪಾಲು ಉದ್ದಕ್ಕೂ ಹರಡಿಕೊಂಡಿದೆ. ಹೊರಗಿನಿಂದ ಜೋಡಿಸುವ ಬಹಳಷ್ಟು ವಸ್ತುಗಳು ಒಂದಲ್ಲ ಒಂದು ಬಗೆಯಲ್ಲಿ ಆ ಬ್ಯಾಟರಿಯನ್ನೋ ಅದನ್ನು ಕಾಯುವ ತಂತ್ರಾಂಶವನ್ನೋ ಮುಟ್ಟುತ್ತವೆ.

ವಾರಂಟಿ ಎಂದು ಒಂದೇ ಮಾತಿನಲ್ಲಿ ಹೇಳಿದರೂ ಅದರೊಳಗೆ ಹಲವು ಪದರಗಳಿವೆ. ಲೈಟ್ನಿಂಗ್‌ಗೆ ಸಾಮಾನ್ಯ ವಾರಂಟಿ 3 ವರ್ಷ ಅಥವಾ 36,000 ಮೈಲಿ. ಬ್ಯಾಟರಿ ಮತ್ತು ವಿದ್ಯುತ್ ಚಾಲನೆಯ ಭಾಗಗಳಿಗೆ 8 ವರ್ಷ ಅಥವಾ 1,00,000 ಮೈಲಿ. ರಿವಿಯನ್ ತನ್ನ ಮೊದಲ ನಾಲ್ಕು ಮೋಟಾರಿನ ಗಾಡಿಗಳ ಬ್ಯಾಟರಿಗೆ 8 ವರ್ಷ ಅಥವಾ 1,75,000 ಮೈಲಿಯ ಭರವಸೆ ಕೊಟ್ಟಿತು. ಸೈಬರ್‌ಟ್ರಕ್ಕಿನ ಬ್ಯಾಟರಿಗೆ ಅದು 8 ವರ್ಷ ಅಥವಾ 1,50,000 ಮೈಲಿ. ಮೂರರಲ್ಲೂ ಬ್ಯಾಟರಿಯ ಸಾಮರ್ಥ್ಯ ಶೇ. 70ಕ್ಕಿಂತ ಕೆಳಗಿಳಿದರೆ ತಯಾರಕರು ಹೊಣೆ ಹೊರಬೇಕು. ಅಂಗಡಿಯಲ್ಲಿ ಕೊಂಡ ಪರಿಕರಕ್ಕೆ ಇರುವುದು ಅದನ್ನು ಮಾಡಿದವರ ವಾರಂಟಿ ಮಾತ್ರ. ಫೋರ್ಡ್ ಡೀಲರ್ ಬಳಿಯೇ, ಫೋರ್ಡ್ ಹೆಸರಿನ ಪರವಾನಗಿಯಲ್ಲಿ ಮಾರುವ ಕೆಲವು ಪರಿಕರಗಳಿಗೂ ವಾರಂಟಿ ಕೊಡುವುದು ಅವುಗಳ ಮೂಲ ತಯಾರಕರೇ ಹೊರತು ಫೋರ್ಡ್ ಅಲ್ಲ. ಕಂಪನಿಯ ಮುದ್ರೆ ಕಂಡೊಡನೆ ಗಾಡಿಯ ವಾರಂಟಿ ಅದಕ್ಕೂ ಅನ್ವಯಿಸುತ್ತದೆ ಎಂದು ನಂಬಿದ ಗ್ರಾಹಕರು ಎಡವುವುದು ಇಲ್ಲಿಯೇ.

ಇದಕ್ಕೆಲ್ಲ ಆಧಾರವಾದ ಕಾನೂನು 1975ರ ಮ್ಯಾಗ್ನುಸನ್–ಮಾಸ್ ವಾರಂಟಿ ಕಾಯಿದೆ. ನಿರ್ದಿಷ್ಟ ಕಂಪನಿಯ ಬಿಡಿಭಾಗವನ್ನೋ ಸೇವೆಯನ್ನೋ ದುಡ್ಡು ಕೊಟ್ಟು ಬಳಸಿದರೆ ಮಾತ್ರ ವಾರಂಟಿ ಎಂಬ ಷರತ್ತನ್ನು ಈ ಕಾಯಿದೆ ನಿಷೇಧಿಸುತ್ತದೆ. ಆ ಭಾಗವನ್ನು ಕಂಪನಿ ಪುಕ್ಕಟೆ ಕೊಟ್ಟರೆ ಅಥವಾ ವಿಶೇಷ ವಿನಾಯಿತಿ ಪಡೆದರೆ ಮಾತೇ ಬೇರೆ. ಇದನ್ನು ಜಾರಿಗೆ ತರುವ ಫೆಡರಲ್ ಟ್ರೇಡ್ ಕಮಿಷನ್ ತನ್ನ ವ್ಯಾಖ್ಯಾನದಲ್ಲಿ ಇನ್ನೊಂದು ಮುಖ್ಯ ಅಂಶವನ್ನು ಸೇರಿಸಿದೆ: ಹೊರಗಿನ ಭಾಗದಿಂದಲೇ ದೋಷ ಉಂಟಾಯಿತೆಂದು ತೋರಿಸಿಕೊಡಲು ತಯಾರಕರಿಗೆ ಸಾಧ್ಯವಾದರೆ ಅವರು ಆ ದೋಷದ ಹೊಣೆಯನ್ನು ನಿರಾಕರಿಸಬಹುದು. ಹಾಗೆ ತೋರಿಸಿಕೊಡುವ ಭಾರ ತಯಾರಕರದು. 2022ರಲ್ಲಿ ಇದೇ ಕಮಿಷನ್ ಹಾರ್ಲೆ–ಡೇವಿಡ್ಸನ್ ಮೋಟಾರ್‌ಸೈಕಲ್ ಕಂಪನಿಯ ಮೇಲೆ ಕ್ರಮ ಕೈಗೊಂಡಿತು. ಬೇರೆಯವರ ಬಿಡಿಭಾಗ ಬಳಸಿದ ಮಾತ್ರಕ್ಕೆ, ಹೊರಗೆ ರಿಪೇರಿ ಮಾಡಿಸಿದ ಮಾತ್ರಕ್ಕೆ ವಾರಂಟಿ ರದ್ದಾಗದು ಎಂಬ ಸ್ಪಷ್ಟ ವಾಕ್ಯವನ್ನು ವಾರಂಟಿ ಪತ್ರದಲ್ಲೇ ಅಚ್ಚುಹಾಕುವಂತೆ ಮಾಡಿತು. ಹಾಗಾಗಿ ‘ಇದನ್ನು ಹಾಕಿಸಿದರೆ ವಾರಂಟಿ ಹೋಯಿತು’ ಎಂದು ಸರ್ವೀಸ್ ಕೌಂಟರಿನಲ್ಲಿ ಹೇಳುವ ಮಾತಿಗೆ ಕಾನೂನಿನ ಬೆಂಬಲವಿಲ್ಲ. ಅಷ್ಟೇ ಮಟ್ಟಿಗೆ, ಕಾನೂನು ತನ್ನ ಪರವಾಗಿದೆಯೆಂದು ಏನನ್ನು ಬೇಕಾದರೂ ಜೋಡಿಸುವ ಧೈರ್ಯವೂ ಸಲ್ಲದು. ಪ್ರಶ್ನೆ ಯಾವಾಗಲೂ ಒಂದೇ: ಈ ಪರಿಕರದಿಂದ ಈ ದೋಷ ಬಂತೇ?

ಯಾಂತ್ರಿಕ ಪರಿಕರಗಳಲ್ಲಿ ಈ ಕಾರ್ಯಕಾರಣ ಸಂಬಂಧವನ್ನು ಗುರುತಿಸುವುದು ತಕ್ಕಮಟ್ಟಿಗೆ ಸುಲಭ. ಗಾಡಿಯನ್ನು ಎತ್ತರಿಸಿದರೆ ಮೋಟಾರಿನಿಂದ ಚಕ್ರಕ್ಕೆ ಹೋಗುವ ದಂಡದ ಕೋನ ಬದಲಾಗುತ್ತದೆ. ಅದರ ಕೀಲುಗಳು ಬೇಗ ಸವೆಯುತ್ತವೆ. ಸವೆದ ಕೀಲಿನ ಹೊಣೆಯನ್ನು ತಯಾರಕರು ನಿರಾಕರಿಸಿದರೆ ಅದು ನ್ಯಾಯವೇ. ಅದೇ ನೆಪದಲ್ಲಿ ಕೆಟ್ಟ ಪರದೆಯನ್ನೋ ಬಾಗಿಲಿನ ಬೀಗವನ್ನೋ ಬದಲಿಸಿಕೊಡದಿದ್ದರೆ ಅನ್ಯಾಯ. ಆರ್1ಟಿಯಲ್ಲಿ ಗಾಳಿತುಂಬಿದ ಸಸ್ಪೆನ್ಷನ್ ಇದ್ದು, ಗಾಡಿಯ ಎತ್ತರವನ್ನು ತಂತ್ರಾಂಶವೇ ನಿಯಂತ್ರಿಸುತ್ತದೆ. ಎತ್ತರ ಅಳೆಯುವ ಸಂವೇದಕದ ಕೊಂಡಿಯನ್ನು ಬದಲಿಸಿ ಗಾಡಿಯನ್ನು ಮೇಲೆತ್ತುವ ಕಿಟ್ಟುಗಳು ಆ ತಂತ್ರಾಂಶಕ್ಕೆ ತಪ್ಪು ಅಳತೆ ಒದಗಿಸುತ್ತವೆ. ಟೈರಿನ ವ್ಯಾಸ ಹೆಚ್ಚಿದರೆ ವೇಗ ಮತ್ತು ದೂರದ ಲೆಕ್ಕ ಎರಡೂ ತಪ್ಪುತ್ತವೆ. ವಾರಂಟಿಯ ಮೈಲಿಯೂ ಅದೇ ಓಡೋಮೀಟರಿನ ಲೆಕ್ಕವಾದ್ದರಿಂದ ಇದು ಸಣ್ಣ ವಿಷಯವಲ್ಲ.

ತೊಟ್ಟಿಗೆ ರ‍್ಯಾಕ್ ಕೂಡಿಸಲು ರಂಧ್ರ ಕೊರೆಯುವ ಕೆಲಸವನ್ನು ಹತ್ತಿರದಿಂದ ನೋಡಬೇಕು. ಡೀಸೆಲ್ ಟ್ರಕ್ಕಿನಲ್ಲಿ ತೊಟ್ಟಿಯ ತಳದಲ್ಲಿ ತೂತು ಕೊರೆದು ಬೋಲ್ಟ್ ಹಾಕುವುದು ಯಾವ ಗ್ಯಾರೇಜಿಗೂ ದಿನನಿತ್ಯದ ಕೆಲಸ. ವಿದ್ಯುತ್ ಟ್ರಕ್ಕಿನಲ್ಲಿ ಆ ತಗಡಿನ ಕೆಳಗೆ ಎಲ್ಲಿ ಏನಿದೆಯೆಂದು ತಿಳಿಯದೆ ಕೊರೆದರೆ ಡ್ರಿಲ್ಲಿನ ಮೊನೆ ಕಿತ್ತಳೆ ಬಣ್ಣದ ಹೊದಿಕೆಯ ಅಧಿಕ ವೋಲ್ಟೇಜಿನ ತಂತಿಗೋ, ತಣ್ಣಗಿಡುವ ದ್ರವದ ಕೊಳವೆಗೋ, ಬ್ಯಾಟರಿಯ ಕವಚಕ್ಕೋ ತಗುಲಬಹುದು. ಕೊರೆದ ಕಡೆ ನೀರು ಇಳಿದು ತಿಂಗಳುಗಟ್ಟಲೆ ಕಳೆದ ಮೇಲೆ ವಿದ್ಯುತ್ ನಿರೋಧಕ ಶಕ್ತಿ ಕುಗ್ಗಿದೆಯೆಂಬ ಎಚ್ಚರಿಕೆ ಬಂದರೆ, ಅದರ ಮೂಲ ಆ ತೂತೆಂದು ತೋರಿಸಲು ತಯಾರಕರಿಗೆ ಕಷ್ಟವೇನಿಲ್ಲ. ಕಾರ್ಖಾನೆ ಕೊಟ್ಟಿರುವ ಹಳಿ, ಕೊಕ್ಕೆ, ಬೋಲ್ಟಿನ ಜಾಗಗಳಿಗೆ ಕಚ್ಚಿಕೊಳ್ಳುವ ರ‍್ಯಾಕು ಸ್ವಲ್ಪ ದುಬಾರಿಯಾದರೂ ಇಂಥ ತಗಾದೆಗೆ ಎಡೆಗೊಡದು.

ವಿವಾದ ಹೆಚ್ಚು ಜಟಿಲವಾಗುವುದು ವಿದ್ಯುತ್ ಪರಿಕರಗಳಲ್ಲಿ. ಸುಮಾರು 400 ವೋಲ್ಟಿನ ಬ್ಯಾಟರಿ ಇರುವ ಟ್ರಕ್ಕಿನಲ್ಲೂ ದೀಪ, ಬೀಗ, ಕಂಪ್ಯೂಟರುಗಳು ನಡೆಯುವುದು ಸಣ್ಣ ಬ್ಯಾಟರಿಯ ಕಡಿಮೆ ವೋಲ್ಟೇಜಿನಿಂದ. ದೊಡ್ಡ ಬ್ಯಾಟರಿಯನ್ನು ಮೋಟಾರಿಗೆ ಜೋಡಿಸುವ ಸ್ವಿಚ್ಚನ್ನು ಆನ್ ಮಾಡುವುದೂ ಈ ಸಣ್ಣ ಬ್ಯಾಟರಿಯೇ. ಅದು ಬರಿದಾದರೆ ದೊಡ್ಡ ಬ್ಯಾಟರಿ ಪೂರ್ತಿ ತುಂಬಿದ್ದರೂ ಗಾಡಿ ಅಲುಗದು. ನಿಲ್ಲಿಸಿದ ಗಾಡಿ ಕೆಲ ಹೊತ್ತಿನ ನಂತರ ತನ್ನ ಕಂಪ್ಯೂಟರುಗಳನ್ನು ನಿದ್ರೆಗೆ ಕಳಿಸುತ್ತದೆ. ಫ್ಯೂಸ್ ಪೆಟ್ಟಿಗೆಯಿಂದ ತಂತಿ ಎಳೆದುಕೊಂಡ ಡ್ಯಾಶ್ ಕ್ಯಾಮೆರಾ ನಿದ್ರೆಯಲ್ಲೂ ಕರೆಂಟು ಹೀರುತ್ತಿರುತ್ತದೆ. ದೋಷಪತ್ತೆಯ ಪೋರ್ಟಿಗೆ ಸಿಕ್ಕಿಸಿದ ಸಾಧನ ಸಂದೇಶ ಕಳಿಸಿ ಗಾಡಿಯನ್ನು ಮತ್ತೆ ಮತ್ತೆ ಎಬ್ಬಿಸಬಹುದು. ಆದರೆ ಕಾರ್ಖಾನೆಯ ತಂತ್ರಾಂಶದ ದೋಷದಿಂದಲೂ ಸಣ್ಣ ಬ್ಯಾಟರಿ ಹೀಗೆಯೇ ಬರಿದಾಗುತ್ತದೆ. ಕಾರಣ ಎರಡಾದರೂ ಲಕ್ಷಣ ಒಂದೇ ಆದ್ದರಿಂದ ಸರ್ವೀಸ್ ಸಲಹೆಗಾರರ ಬೆರಳು ಮೊದಲು ಹೊರಗಿನ ತಂತಿಯತ್ತ ಹೋಗುತ್ತದೆ. ಸೈಬರ್‌ಟ್ರಕ್ಕಿನಲ್ಲಿ ಈ ಕಡಿಮೆ ವೋಲ್ಟೇಜಿನ ವ್ಯವಸ್ಥೆಯೇ 48 ವೋಲ್ಟಿನದು. 12 ವೋಲ್ಟಿಗಾಗಿ ಮಾಡಿದ ದೀಪವನ್ನು ನೇರ ಜೋಡಿಸಿದರೆ ಅದು ಸುಟ್ಟುಹೋದೀತು.

ಮುಂಭಾಗಕ್ಕೆ ಉಕ್ಕಿನ ಬಂಪರ್ ಹಾಕಿಸಿದರೆ ರಾಡಾರ್ ಮತ್ತು ಕ್ಯಾಮೆರಾಗಳ ದೃಷ್ಟಿಗೆ ಅಡ್ಡಿ; ಗಾಡಿ ಎತ್ತರಿಸಿದರೂ ಅವುಗಳ ಗುರಿ ತಪ್ಪುತ್ತದೆ. ಕಡ್ಡಾಯ ಸುರಕ್ಷಾ ಮಾನದಂಡದಂತೆ ಅಳವಡಿಸಿದ ಸಾಧನವನ್ನು ಗೊತ್ತಿದ್ದೂ ನಿಷ್ಕ್ರಿಯಗೊಳಿಸುವುದನ್ನು ಅಮೆರಿಕದ ವಾಹನ ಸುರಕ್ಷಾ ಕಾನೂನು ಡೀಲರ್ ಮತ್ತು ಗ್ಯಾರೇಜುಗಳಿಗೆ ನಿಷೇಧಿಸಿದೆ.

ಬ್ಯಾಟರಿ ವಾರಂಟಿಯ ಬಗೆಗಿನ ಒಂದು ತಪ್ಪುಕಲ್ಪನೆಯನ್ನು ಬಿಡಿಸಿ ಹೇಳಬೇಕು. ಚಾವಣಿಯ ಡೇರೆ, ಒರಟು ಟೈರುಗಳಿಂದ ಒಂದು ಚಾರ್ಜಿಗೆ ಓಡುವ ದೂರ ಎದ್ದುಕಾಣುವಷ್ಟು ಇಳಿಯುತ್ತದೆ. ವಾರಂಟಿಯ ಶೇ. 70 ಎಂಬುದು ಈ ದೂರದ ಲೆಕ್ಕವಲ್ಲ, ಬ್ಯಾಟರಿಯಲ್ಲಿ ಹಿಡಿಯುವ ವಿದ್ಯುತ್ತಿನ ಲೆಕ್ಕ. ಡೇರೆ ತೆಗೆದಿಟ್ಟರೆ ದೂರ ಮರಳುತ್ತದೆ. ಕುಗ್ಗಿದ ಸಾಮರ್ಥ್ಯ ಮರಳುವುದಿಲ್ಲ. ಆದ್ದರಿಂದ ದೂರ ಕಡಿಮೆಯಾಯಿತೆಂಬ ದೂರಿಗೆ ವಾರಂಟಿಯಲ್ಲಿ ಪರಿಹಾರವಿಲ್ಲ. ಡೇರೆ ಇತ್ತೆಂಬ ಕಾರಣಕ್ಕೆ ಸಾಮರ್ಥ್ಯದ ಹೊಣೆಯಿಂದ ತಯಾರಕರು ಜಾರಿಕೊಳ್ಳುವಂತೆಯೂ ಇಲ್ಲ.

ಸರ್ವೀಸಿನ ಮಟ್ಟದಲ್ಲಿ ಪರಿಣಾಮ ಇನ್ನಷ್ಟು ನೇರ. ತಳದ ರಕ್ಷಾಫಲಕ, ತೊಟ್ಟಿಯ ರ‍್ಯಾಕು, ಮುಚ್ಚಳ ಇವನ್ನು ಬಿಚ್ಚಿದರೆ ಮಾತ್ರ ಕೈಗೆ ಸಿಗುವ ಭಾಗ ಕೆಟ್ಟರೆ, ರಿಪೇರಿ ಉಚಿತವಾದರೂ ಬಿಚ್ಚಿ ಜೋಡಿಸುವ ಕೂಲಿಯನ್ನು ಮಾಲೀಕರಿಂದ ಕೇಳಬಹುದು. ರಿವಿಯನ್, ಟೆಸ್ಲಾಗಳಿಗೆ ಸ್ವತಂತ್ರ ಡೀಲರುಗಳಿಲ್ಲ. ಮಾರುವವರೂ ವಾರಂಟಿ ರಿಪೇರಿ ಮಾಡುವವರೂ ಹೊಣೆ ತೀರ್ಮಾನಿಸುವವರೂ ಒಬ್ಬರೇ. ದೋಷದ ಕ್ಷಣದಲ್ಲಿ ವೋಲ್ಟೇಜು, ಉಷ್ಣತೆ, ಸಂದೇಶ ಹೇಗಿದ್ದವೆಂಬ ದಾಖಲೆ ಗಾಡಿಯಿಂದ ಹೋಗುವುದು ಕಂಪನಿಯ ಸರ್ವರಿಗೆ. ಕಾನೂನು ಸಾಕ್ಷ್ಯದ ಭಾರವನ್ನು ತಯಾರಕರ ಮೇಲೆ ಹಾಕಿದೆ, ಆದರೆ ಸಾಕ್ಷ್ಯವೆಲ್ಲ ಅವರ ವಶದಲ್ಲೇ ಇದೆ. 1975ರ ಕಾಯಿದೆಗೆ ಇದು ಕಾಣಿಸಿರಲು ಸಾಧ್ಯವಿರಲಿಲ್ಲ. ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2020ರಲ್ಲಿ ಸುಮಾರು ಮುಕ್ಕಾಲು ಪಾಲು ಬಹುಮತದಿಂದ, ಗಾಡಿ ನಿಸ್ತಂತುವಾಗಿ ಕಳಿಸುವ ಯಾಂತ್ರಿಕ ಮಾಹಿತಿ ಮಾಲೀಕರಿಗೂ ಅವರು ಒಪ್ಪಿದ ಗ್ಯಾರೇಜಿಗೂ ಸಿಗಬೇಕೆಂದು ತೀರ್ಪಿತ್ತದ್ದು ಈ ಕೊರತೆ ತುಂಬುವ ಯತ್ನ. ವಾಹನ ತಯಾರಕರ ಸಂಘ ಅದರ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು.

ಭಾರತದಲ್ಲಿ ಇದೇ ತತ್ತ್ವ ಬೇರೆ ದಾರಿಯಿಂದ ಬಂದಿದೆ. ಭಾರತೀಯ ಸ್ಪರ್ಧಾ ಆಯೋಗ 2014ರ ಆಗಸ್ಟ್‌ನಲ್ಲಿ 14 ಕಾರು ಕಂಪನಿಗಳ ವಿರುದ್ಧ ಕೊಟ್ಟ ಆದೇಶದಲ್ಲಿ, ಹೊರಗಿನ ಗ್ಯಾರೇಜಿಗೆ ಹೋದರೆ ವಾರಂಟಿ ರದ್ದು ಎಂಬ ಸಾರಾಸಗಟು ಷರತ್ತು ಕೂಡದೆಂದೂ, ಹೊರಗಿನ ತಪ್ಪು ಕೆಲಸದಿಂದ ಆದ ಹಾನಿಯ ಮಟ್ಟಿಗಷ್ಟೇ ಹೊಣೆ ನಿರಾಕರಿಸಬಹುದೆಂದೂ ಹೇಳಿತು. ಆದರೆ ಇಲ್ಲಿನ ಮೋಟಾರು ವಾಹನ ಕಾಯಿದೆಯ 52ನೇ ಕಲಂ ತಯಾರಕರ ಮೂಲ ವಿವರಗಳಿಗೆ ವಿರುದ್ಧವಾದ ಬದಲಾವಣೆಯನ್ನೇ ತಡೆಯುತ್ತದೆ. ಸುಪ್ರೀಂ ಕೋರ್ಟ್ 2019ರಲ್ಲಿ ಅದನ್ನು ಎತ್ತಿಹಿಡಿದಿದೆ. ಅಮೆರಿಕದಲ್ಲಿ ವಾರಂಟಿಯ ತಕರಾರಾಗುವ ಎಷ್ಟೋ ಬದಲಾವಣೆಗಳು ಇಲ್ಲಿ ಆರ್‌ಟಿಒ ಮಟ್ಟದಲ್ಲೇ ನಿಲ್ಲುತ್ತವೆ.

ಹೊಣೆ ನಿರಾಕರಿಸುವ ತಯಾರಕರಿಂದ ಯಾವ ಪರಿಕರ, ಯಾವ ಬಗೆಯಲ್ಲಿ, ಯಾವ ದೋಷಕ್ಕೆ ಕಾರಣವಾಯಿತೆಂಬುದನ್ನು ಬರಹದಲ್ಲಿ ಕೇಳಿ ಪಡೆಯುವುದು ಅಮೆರಿಕದ ಮಾಲೀಕರಿಗಿರುವ ಅತ್ಯಂತ ಗಟ್ಟಿಯಾದ ರಕ್ಷಣೆ. ಪರಿಕರದ ರಸೀದಿ, ಅದನ್ನು ಕೂಡಿಸಿದ ಗ್ಯಾರೇಜಿನ ಬಿಲ್ಲು, ತಂತಿ ಎಲ್ಲಿಂದ ಎಳೆದರೆಂಬುದರ ಫೋಟೋ, ಕೂಡಿಸುವ ಮೊದಲಿನ ಬ್ಯಾಟರಿ ಸಾಮರ್ಥ್ಯದ ವರದಿ ಇವು ಕೈಯಲ್ಲಿದ್ದರೆ ಆ ಬರಹವನ್ನು ಪ್ರಶ್ನಿಸಲೂ ಬರುತ್ತದೆ. ಗಾಡಿಯ ದಾಖಲೆಯ ಪ್ರತಿ ಮಾಲೀಕರಿಗೂ ಸಿಗಬೇಕೆಂಬ ನಿಯಮ ದೇಶಮಟ್ಟದಲ್ಲಿ ಬರುವವರೆಗೆ ಮ್ಯಾಗ್ನುಸನ್–ಮಾಸ್ ಕೊಟ್ಟ ಹಕ್ಕು ವಿದ್ಯುತ್ ಟ್ರಕ್ಕಿನ ಮಟ್ಟಿಗೆ ಅಪೂರ್ಣ.