ಬಿ. ಬಿ. ಸಿ. ಮೈಕ್ರೋ ಯಂತ್ರದ ಸಂಗ್ರಹಸಾಧನಗಳು: ಹೊಂದಿಕೆಯ ಪರೀಕ್ಷೆಯೂ ಪಾಠರಕ್ಷಣೆಯೂ

ಚಿತ್ರದುರ್ಗ ಜಿಲ್ಲೆಯ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರ ಎಂಬ ಮೂರು ಸ್ಥಳಗಳಲ್ಲಿ ಅಶೋಕನ ಶಾಸನಗಳನ್ನು ಬಿ. ಎಲ್. ರೈಸ್ ಅವರು ೧೮೯೨ರಲ್ಲಿ ಬೆಳಕಿಗೆ ತಂದುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ಬ್ರಹ್ಮಗಿರಿಯ ಬಂಡೆಗೆ ಸುತ್ತಲಿನ ಜನರು ಇಟ್ಟಿದ್ದ ಹೆಸರು ಅಕ್ಷರಗುಂಡು. ಬಂಡೆಯ ಮೇಲಿರುವುದು ಬರೆವಣಿಗೆಯೆಂಬುದು ಅವರಿಗೆ ಗೊತ್ತಿತ್ತು. ಅದನ್ನು ಓದುವ ಬಗೆ ಮಾತ್ರ ಗೊತ್ತಿರಲಿಲ್ಲ. ೧೮೩೭ರಲ್ಲಿ ಜೇಮ್ಸ್ ಪ್ರಿನ್ಸೆಪ್ಪನು ಬ್ರಾಹ್ಮೀ ಲಿಪಿಯನ್ನು ಓದುವ ದಾರಿಯನ್ನು ಕಂಡುಹಿಡಿದಿದ್ದುದರಿಂದಲೇ ಈ ಶಾಸನಗಳ ಅರ್ಥವು ನಮಗೆ ದೊರಕಿತು. ಬರೆಹವನ್ನು ಹೊತ್ತ ವಸ್ತುವು ಎರಡು ಸಾವಿರ ವರ್ಷಗಳಿಗಿಂತ ಹೆಚ್ಚು ಕಾಲ ಉಳಿಯಿತು. ಓದುವ ವಿದ್ಯೆಯು ಅಷ್ಟು ಕಾಲ ಉಳಿಯಲಿಲ್ಲ.

ಈ ಬಂಡೆಗಳಿಂದ ಬಹುದೂರವಲ್ಲದ ತಳಕು ಗ್ರಾಮವು ಮೈಸೂರು ವಿಶ್ವವಿದ್ಯಾನಿಲಯದ ಮೊದಲನೆಯ ಕನ್ನಡ ಪ್ರಾಧ್ಯಾಪಕರಾದ ಟಿ. ಎಸ್. ವೆಂಕಣ್ಣಯ್ಯನವರ (೧೮೮೫-೧೯೩೯) ಊರು. ಓಲೆಯ ಪ್ರತಿಗಳನ್ನು ಕಲೆಹಾಕಿ, ಒಂದನ್ನೊಂದರೊಡನೆ ಒತ್ತಿಟ್ಟು ನೋಡಿ, ಶುದ್ಧಪಾಠವನ್ನು ನಿರ್ಣಯಿಸುವ ಕ್ರಮವು ಕನ್ನಡದಲ್ಲಿ ಬೇರೂರಿದುದು ಅವರ ತಲೆಮಾರಿನವರ ಪರಿಶ್ರಮದಿಂದ. ಅವರು ಪರೀಕ್ಷಿಸಿದ ಓಲೆಗಳನ್ನು ಓದಲು ಕಣ್ಣೂ ಲಿಪಿಜ್ಞಾನವೂ ಸಾಕಾಗಿದ್ದುವು. ೧೯೮೦ರ ದಶಕದಿಂದ ಈಚೆಗೆ ಟೇಪಿನಲ್ಲಿ, ಫ್ಲಾಪಿಯಲ್ಲಿ, ಮೆಮೊರಿ ಕಾರ್ಡಿನಲ್ಲಿ ಸೇರಿರುವ ಬರೆಹಕ್ಕೆ ಇವೆರಡೂ ಸಾಲವು. ನಡುವೆ ಒಂದು ಯಂತ್ರವು ಬೇಕು, ಆ ಯಂತ್ರವು ಆ ವಸ್ತುವಿಗೆ ಒಪ್ಪಬೇಕು. ಈ ಒಪ್ಪಿಗೆಯನ್ನೇ ನಾವು ಇಲ್ಲಿ ಹೊಂದಿಕೆ ಎಂದು ಕರೆಯುತ್ತೇವೆ. ಹೊಂದಿಕೆಯು ಯಂತ್ರವೊಂದರ ಗುಣವೂ ಅಲ್ಲ, ವಸ್ತುವೊಂದರ ಗುಣವೂ ಅಲ್ಲ, ಅವೆರಡರ ಜೋಡಿಯ ಗುಣ. ಆದುದರಿಂದ ಜೋಡಿಯನ್ನು ಪರೀಕ್ಷಿಸಿಯೇ ತಿಳಿಯಬೇಕಲ್ಲದೆ ಊಹೆಯಿಂದ ತಿಳಿಯಲಾಗದು ಎಂಬುದನ್ನು ಒಂದು ಹಳೆಯ ಗೃಹೋಪಯೋಗಿ ಕಂಪ್ಯೂಟರಿನ ಚರಿತ್ರೆಯಿಂದ ತೋರಿಸುವುದು ಈ ಲೇಖನದ ಉದ್ದೇಶ.

ಆ ಕಂಪ್ಯೂಟರು ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್ ಸಂಸ್ಥೆಯವರು ೧೯೮೧ರ ಕೊನೆಯಲ್ಲಿ ಹೊರತಂದ ಬಿ. ಬಿ. ಸಿ. ಮೈಕ್ರೋ. ಅದು ಭಾರತಕ್ಕೂ ಬಂದಿತು. ಶಾಲೆಗಳಲ್ಲಿ ಕಂಪ್ಯೂಟರಿನ ಪರಿಚಯವನ್ನು ಮಾಡಿಸುವುದಕ್ಕಾಗಿ ಭಾರತ ಸರ್ಕಾರವು ೧೯೮೪ರಲ್ಲಿ ಆರಂಭಿಸಿದ ‘ಕ್ಲಾಸ್’ ಎಂಬ ಯೋಜನೆಗೆ ಇದೇ ಯಂತ್ರವನ್ನು ಆರಿಸಲಾಯಿತು. ನಮ್ಮ ದೇಶದ ಶಾಲೆಗಳು ಮೊದಲು ಕಂಡ ಕಂಪ್ಯೂಟರುಗಳಲ್ಲಿ ಇದೂ ಒಂದಾದುದರಿಂದ ಇದರ ಸಂಗ್ರಹಸಾಧನಗಳ ಚರಿತ್ರೆಯು ನಮಗೆ ಪರಕೀಯವಲ್ಲ.

ಈ ಯಂತ್ರದ ‘ಬಿ’ ಮಾದರಿಯ ಸ್ಮೃತಿಯು ೩೨ ಕಿಲೋಬೈಟು ಮಾತ್ರ. ವಿದ್ಯುತ್ತನ್ನು ನಿಲ್ಲಿಸಿದೊಡನೆ ಅದೂ ಅಳಿಯುವುದು. ಆದುದರಿಂದ ಬರೆಹವನ್ನು ಹೊರಗೆ ಇಡಲೇಬೇಕಾಗಿತ್ತು. ಮೊದಲನೆಯ ಸಾಧನವು ಹಾಡು ಕೇಳುವ ಸಾಮಾನ್ಯವಾದ ಕ್ಯಾಸೆಟ್ಟೇ. ಯಂತ್ರವು ಅಕ್ಷರಗಳನ್ನು ಶಬ್ದವಾಗಿ ಮಾರ್ಪಡಿಸಿ ಸೆಕೆಂಡಿಗೆ ೧೨೦೦ ಬಿಟ್ಟುಗಳ ವೇಗದಲ್ಲಿ ಟೇಪಿಗೆ ಇಳಿಸುತ್ತಿತ್ತು. ಬರೆಹವನ್ನು ೨೫೬ ಬೈಟುಗಳವರೆಗಿನ ತುಂಡುಗಳಾಗಿ ವಿಭಾಗಿಸಿ, ಪ್ರತಿಯೊಂದು ತುಂಡಿಗೂ ಹೆಸರನ್ನೂ ಕ್ರಮಸಂಖ್ಯೆಯನ್ನೂ ತಾಳೆಯ ಅಂಕವನ್ನೂ ಸೇರಿಸುತ್ತಿತ್ತು. ಓದುವಾಗ ಅಂಕವು ತಾಳೆಯಾಗದಿದ್ದರೆ ‘ಡೇಟಾ?’ ಎಂದು ತೆರೆಯ ಮೇಲೆ ಪ್ರಶ್ನೆಯು ಮೂಡುತ್ತಿತ್ತು. ಗ್ರಂಥಸಂಪಾದಕನು ಛಂದಸ್ಸಿನ ಮಾತ್ರೆಗಳನ್ನು ಎಣಿಸಿ ಪದ್ಯದ ಲೋಪವನ್ನು ಪತ್ತೆಮಾಡುವಂತೆ ಯಂತ್ರವು ಅಂಕವನ್ನೆಣಿಸಿ ಲೋಪವನ್ನು ಪತ್ತೆಮಾಡುತ್ತಿತ್ತೆನ್ನಬಹುದು. ಆದರೆ ಒಂದು ಟೇಪ್ ರೆಕಾರ್ಡರಿನಲ್ಲಿ ಮಾಡಿದ ಕ್ಯಾಸೆಟ್ಟು ಇನ್ನೊಂದರಲ್ಲಿ ಓದಿಸಿಕೊಳ್ಳದಿರುವುದುಂಟು. ಶಬ್ದವನ್ನು ಹಿಡಿಯುವ ತಲೆಯ ಓರೆಯು ಎರಡರಲ್ಲಿಯೂ ಒಂದೇ ಆಗಿರದಿದ್ದರೆ ಸಣ್ಣ ಧ್ವನಿಗಳು ಮಸುಕಾಗುವುವು. ಟೇಪೂ ಕೆಟ್ಟಿಲ್ಲ, ರೆಕಾರ್ಡರೂ ಕೆಟ್ಟಿಲ್ಲ, ಕೆಟ್ಟಿರುವುದು ಜೋಡಿ.

ಎರಡನೆಯ ಸಾಧನವು ಐದೂಕಾಲು ಅಂಗುಲದ ಫ್ಲಾಪಿ. ಅದರ ಮುಖದ ಮೇಲೆ ೪೦ ಅಥವಾ ೮೦ ವೃತ್ತಾಕಾರದ ಟ್ರ್ಯಾಕುಗಳು. ಪ್ರತಿ ಟ್ರ್ಯಾಕಿನಲ್ಲಿ ೨೫೬ ಬೈಟುಗಳ ಹತ್ತು ಸೆಕ್ಟರುಗಳು. ಲೆಕ್ಕ ಹಾಕಿದರೆ ಒಂದು ಮುಖಕ್ಕೆ ೧೦೦ ಅಥವಾ ೨೦೦ ಕಿಲೋಬೈಟು. ಮೊದಲ ಎರಡು ಸೆಕ್ಟರುಗಳಲ್ಲಿ ಫೈಲುಗಳ ಪಟ್ಟಿ. ಅದರಲ್ಲಿ ೩೧ ಹೆಸರುಗಳಿಗೆ ಮಾತ್ರ ಸ್ಥಳ, ಒಂದೊಂದು ಹೆಸರಿಗೆ ಏಳು ಅಕ್ಷರಗಳು ಮಾತ್ರ.

ಇಲ್ಲಿ ಹೊಂದಿಕೆಯ ತೊಡಕು ಇನ್ನಷ್ಟು ಸೂಕ್ಷ್ಮವಾಗುತ್ತದೆ. ೮೦ ಟ್ರ್ಯಾಕಿನ ಡ್ರೈವು ಒಂದೊಂದು ಟ್ರ್ಯಾಕನ್ನು ಬಿಟ್ಟು ಹೆಜ್ಜೆಯಿಟ್ಟರೆ ೪೦ ಟ್ರ್ಯಾಕಿನ ಫ್ಲಾಪಿಯನ್ನು ಓದಬಲ್ಲುದು. ಆದರೆ ಅದೇ ಫ್ಲಾಪಿಯ ಮೇಲೆ ಅದು ಬರೆದರೆ ಅದರ ಗೆರೆಯು ತೆಳ್ಳಗಾಗಿರುವುದರಿಂದ ಹಿಂದಿನ ಅಗಲವಾದ ಗೆರೆಯ ಅಂಚು ಪಕ್ಕದಲ್ಲಿ ಉಳಿದುಕೊಳ್ಳುವುದು. ಬರೆದ ಡ್ರೈವಿಗೆ ತನ್ನ ಬರೆಹವು ಸ್ಪಷ್ಟವಾಗಿಯೇ ಕಾಣುವುದು. ೪೦ ಟ್ರ್ಯಾಕಿನ ಡ್ರೈವಿಗೆ ಹಾಕಿದರೆ ಹಳೆಯದೂ ಹೊಸದೂ ಒಟ್ಟಿಗೆ ಸಿಕ್ಕಿ ಯಾವುದೂ ತಿಳಿಯದೆ ಹೋಗುವುದು. ಹಳೆಯ ಬರೆಹವನ್ನು ಸರಿಯಾಗಿ ಅಳಿಸದೆ ಅದರ ಮೇಲೆಯೇ ಬರೆದ ಓಲೆಯನ್ನು ಕಂಡವರಿಗೆ ಈ ದೋಷದ ಸ್ವರೂಪವು ಕೂಡಲೆ ಅರ್ಥವಾದೀತು. ‘ನನ್ನ ಯಂತ್ರದಲ್ಲಿ ಸರಿಯಾಗಿದೆ’ ಎಂಬ ಮಾತು ಪ್ರಮಾಣವಾಗಲಾರದೆಂಬುದು ಇದರಿಂದ ಸಿದ್ಧವಾಗುತ್ತದೆ.

ಓದಿದ ಮಾತ್ರಕ್ಕೆ ಕಾರ್ಯವು ಮುಗಿಯಿತೆಂದೂ ಹೇಳಲಾಗದು. ಫ್ಲಾಪಿಯ ವ್ಯವಸ್ಥೆಯು ತನ್ನ ಉಪಯೋಗಕ್ಕಾಗಿ ಯಂತ್ರದ ಸ್ಮೃತಿಯಲ್ಲಿ ೨೮೧೬ ಬೈಟುಗಳನ್ನು ತೆಗೆದುಕೊಳ್ಳುತ್ತಿತ್ತು. ಕ್ಯಾಸೆಟ್ಟಿನಿಂದ ಸುಗಮವಾಗಿ ನಡೆದ ದೊಡ್ಡ ಪ್ರೋಗ್ರಾಮು ಫ್ಲಾಪಿಯಿಂದ ಒಂದಕ್ಷರವೂ ತಪ್ಪದೆ ಓದಲ್ಪಟ್ಟರೂ ಸ್ಥಳವು ಸಾಲದೆ ನಿಲ್ಲುತ್ತಿತ್ತು. ಪಾಠವು ಶುದ್ಧವಾಗಿರುವುದು ಒಂದು, ಅದು ತನ್ನ ಕೆಲಸವನ್ನು ಮಾಡುವುದು ಇನ್ನೊಂದು. ಪರೀಕ್ಷಕನು ಎರಡನ್ನೂ ಬೇರೆಬೇರೆಯಾಗಿ ನೋಡಬೇಕು.

ಮೂರನೆಯ ಸಾಧನವು ಯಂತ್ರದ ಕಾಲಕ್ಕೆ ಸೇರಿದುದಲ್ಲ. ಫ್ಲಾಪಿಗಳು ಬೂಷ್ಟು ಹಿಡಿದು, ಡ್ರೈವುಗಳು ಸವೆದುದರಿಂದ, ಹಳೆಯ ಯಂತ್ರಗಳನ್ನು ಉಳಿಸಿಕೊಂಡವರು ಅವಕ್ಕೆ ಹೊಸ ಕಾಲದ ಮೆಮೊರಿ ಕಾರ್ಡನ್ನು ಜೋಡಿಸತೊಡಗಿದರು. ಈಗ ಬಳಕೆಯಲ್ಲಿರುವ ಎಸ್. ಡಿ. ಕಾರ್ಡನ್ನು ಮತ್ಸುಶಿತ, ಸ್ಯಾನ್‌ಡಿಸ್ಕ್, ತೋಷಿಬಾ ಸಂಸ್ಥೆಗಳು ೧೯೯೯ರಲ್ಲಿ ಪ್ರಕಟಿಸಿದುವು. ಯಂತ್ರದ ತಳಭಾಗದಲ್ಲಿರುವ ಒಂದು ದ್ವಾರಕ್ಕೆ ಸಣ್ಣ ಹಲಗೆಯನ್ನು ಸೇರಿಸಿ, ಎಂ. ಎಂ. ಎಫ್. ಎಸ್. ಎಂಬ ವ್ಯವಸ್ಥೆಯನ್ನು ಒಳಗೆ ಕೂರಿಸಿದರೆ, ೨೦೦ ಕಿಲೋಬೈಟಿನ ೫೧೧ ಫ್ಲಾಪಿಗಳ ಪ್ರತಿಬಿಂಬವನ್ನು ಒಂದೇ ಫೈಲಾಗಿ ಕಾರ್ಡಿನಲ್ಲಿಡಬಹುದು. ಒಂದು ಕಪಾಟಿನ ಸಾಮಗ್ರಿಯು ಉಗುರಿನಷ್ಟು ಸ್ಥಳದಲ್ಲಿ ಅಡಗುವುದು.

ಆದರೆ ಇಲ್ಲಿಯೂ ಮೂರು ತೊಡಕುಗಳಿವೆ. ಮೊದಲನೆಯದು ವಿದ್ಯುತ್ತಿನದು: ಯಂತ್ರದ ಸಂಕೇತವು ೫ ವೋಲ್ಟು, ಕಾರ್ಡಿನದು ೩.೩ ವೋಲ್ಟು, ನಡುವೆ ಇಳಿಸುವ ಏರ್ಪಾಡು ಸರಿಯಾಗಿರದಿದ್ದರೆ ಒಂದು ಕಾರ್ಡು ಸಹಿಸಿಕೊಂಡೀತು, ಇನ್ನೊಂದು ಸಹಿಸಲಾರದು. ಎರಡನೆಯದು ವಿಳಾಸದ್ದು: ೨ ಗಿಗಾಬೈಟಿನವರೆಗಿನ ಹಳೆಯ ಕಾರ್ಡುಗಳು ಸ್ಥಳವನ್ನು ಬೈಟುಗಳಿಂದ ಎಣಿಸುತ್ತವೆ, ೨೦೦೬ರಲ್ಲಿ ಬಂದ ಎಸ್. ಡಿ. ಎಚ್. ಸಿ. ಎಂಬ ದೊಡ್ಡ ಕಾರ್ಡುಗಳು ೫೧೨ ಬೈಟುಗಳ ಕಟ್ಟುಗಳಿಂದ ಎಣಿಸುತ್ತವೆ. ಆಕಾರದಲ್ಲಿ ಎರಡಕ್ಕೂ ಭೇದವಿಲ್ಲ. ಮೊದಲಿನ ಎಣಿಕೆಯನ್ನು ಮಾತ್ರ ಬಲ್ಲ ವ್ಯವಸ್ಥೆಗೆ ಎರಡನೆಯ ಬಗೆಯ ಕಾರ್ಡನ್ನು ಕೊಟ್ಟರೆ, ಸಂಧಿಯ ಸಂಖ್ಯೆಯನ್ನು ಪದ್ಯದ ಸಂಖ್ಯೆಯೆಂದು ತಿಳಿದು ಕಾವ್ಯದಲ್ಲಿ ಹುಡುಕಿದಂತಾಗುವುದು. ಮೂರನೆಯದು ಜೋಡಣೆಯದು: ಪ್ರತಿಬಿಂಬಗಳ ಆ ಫೈಲು ಕಾರ್ಡಿನಲ್ಲಿ ಅಖಂಡವಾಗಿ ಒಂದೇ ಕಡೆ ಇರಬೇಕು. ಇಂದಿನ ಕಂಪ್ಯೂಟರು ಅದನ್ನು ಚೂರುಚೂರಾಗಿ ಇಟ್ಟು ತಾನು ಸರಿಯಾಗಿ ಓದಿಕೊಳ್ಳುವುದು. ಹಳೆಯ ಯಂತ್ರವು ನೇರವಾಗಿ ಮುಂದುವರಿದು ಬೇರೆ ಯಾವುದನ್ನೋ ಓದುವುದು.

ಆದುದರಿಂದ ಪರೀಕ್ಷೆಯ ಕ್ರಮವು ಹೀಗಿರಬೇಕೆಂದು ತೋರುತ್ತದೆ. ಮೂಲದ ಫ್ಲಾಪಿಯನ್ನು ಪರೀಕ್ಷೆಗೆ ಉಪಯೋಗಿಸಕೂಡದು; ಅದರ ಅಂಚಿನ ಕಚ್ಚನ್ನು ಪಟ್ಟಿಯಿಂದ ಮುಚ್ಚಿ, ಬರೆಯಲಾಗದಂತೆ ಮಾಡಿ, ಮೊದಲು ಪ್ರತಿಬಿಂಬವನ್ನು ತೆಗೆಯಬೇಕು. ಅನಂತರ ಮುಂಚಿತವಾಗಿಯೇ ತಿಳಿದಿರುವ ಬರೆಹವನ್ನು ಹೊಸ ಸಾಧನದಲ್ಲಿ ಬರೆದು, ವಿದ್ಯುತ್ತನ್ನು ನಿಲ್ಲಿಸಿ, ಪುನಃ ಆರಂಭಿಸಿ ಓದಿ, ಬೈಟಿಗೆ ಬೈಟು ತಾಳೆ ನೋಡಬೇಕು. ಒಂದು ಬೈಟಿನ ಫೈಲು, ೨೫೬ ಬೈಟಿನ ಫೈಲು, ೨೫೭ ಬೈಟಿನ ಫೈಲು, ೩೧ ಹೆಸರುಗಳಿಂದ ತುಂಬಿದ ಪಟ್ಟಿ, ಇವುಗಳಲ್ಲಿ ಪರೀಕ್ಷಿಸಬೇಕು. ದೋಷಗಳು ಎಲ್ಲೆಯಲ್ಲಿ ಅಡಗುವುವೇ ಹೊರತು ಮಧ್ಯದಲ್ಲಲ್ಲ. ಒಂದು ಯಂತ್ರದಲ್ಲಿ ಬರೆದುದನ್ನು ಇನ್ನೊಂದರಲ್ಲಿ ಓದಬೇಕು. ಓದಲಾಗದ ಜೋಡಿಗಳನ್ನೂ ಪಟ್ಟಿಯಲ್ಲಿ ನಮೂದಿಸಬೇಕು. ಮುಂದಿನವನಿಗೆ ಅವು ಸಫಲವಾದವುಗಳಷ್ಟೇ ಉಪಯುಕ್ತ.

ಇಷ್ಟು ಶ್ರಮವೇಕೆ, ಬರೆಹವನ್ನು ಹೊಸ ಕಂಪ್ಯೂಟರಿಗೆ ವರ್ಗಾಯಿಸಿ ಹಳೆಯದನ್ನು ಬಿಡಬಾರದೇ ಎಂದು ಕೆಲವರು ಕೇಳಬಹುದು. ವರ್ಗಾಯಿಸುವುದಕ್ಕೂ ಮೊದಲು ಓದಬೇಕಷ್ಟೆ. ಇದಕ್ಕೆ ಇದೇ ಯಂತ್ರದ ಚರಿತ್ರೆಯಲ್ಲಿ ದೃಷ್ಟಾಂತವಿದೆ. ೧೦೮೬ರ ಡೂಮ್ಸ್‌ಡೇ ಗ್ರಂಥದ ಒಂಬೈನೂರನೆಯ ವರ್ಷದ ನೆನಪಿಗೆ ೧೯೮೬ರಲ್ಲಿ ಬಿ. ಬಿ. ಸಿ. ಸಂಸ್ಥೆಯು ಬ್ರಿಟನ್ನಿನ ಜನಜೀವನದ ಬೃಹತ್ ಸಮೀಕ್ಷೆಯನ್ನು ಮಾಡಿಸಿತು. ಹತ್ತು ಲಕ್ಷಕ್ಕಿಂತ ಹೆಚ್ಚು ಜನರು ಅದರಲ್ಲಿ ಪಾಲ್ಗೊಂಡರು. ಅದನ್ನು ಲೇಸರ್ ಡಿಸ್ಕುಗಳಲ್ಲಿ ಅಚ್ಚುಹಾಕಿ, ಬಿ. ಬಿ. ಸಿ. ಮಾಸ್ಟರ್ ಎಂಬ ಮುಂದಿನ ಮಾದರಿಯ ಯಂತ್ರಕ್ಕೂ ಒಂದು ವಿಶೇಷವಾದ ಡ್ರೈವಿಗೂ ಮಾತ್ರ ಹೊಂದುವಂತೆ ಮಾಡಿದರು. ಹದಿನಾರು ವರ್ಷಗಳೊಳಗೆ ಆ ಜೋಡಿಯು ಅಪರೂಪವಾಗಿ, ೨೦೦೨ರಲ್ಲಿ ಲೀಡ್ಸ್ ಮತ್ತು ಮಿಷಿಗನ್ ವಿಶ್ವವಿದ್ಯಾನಿಲಯಗಳ ವಿದ್ವಾಂಸರು ಹಳೆಯ ಯಂತ್ರವನ್ನು ಅನುಕರಿಸುವ ವ್ಯವಸ್ಥೆಯನ್ನು ರಚಿಸಿ ಅದನ್ನು ಓದಿ ತೋರಿಸಬೇಕಾಯಿತು. ಓದಬಲ್ಲ ಯಂತ್ರಗಳು ಕೆಲವಾದರೂ ಆಗ ಉಳಿದಿದ್ದುವು. ಅನುಕರಣವು ಸರಿಯೇ ಎಂದು ಒರೆಹಚ್ಚಲು ಅವೇ ಆಧಾರ. ೧೦೮೬ರ ಗ್ರಂಥವನ್ನಾದರೋ ಲ್ಯಾಟಿನ್ ಬಲ್ಲವರು ಇಂದಿಗೂ ಓದುತ್ತಾರೆ.

ಕನ್ನಡಕ್ಕೆ ಇನ್ನೂ ಒಂದು ಪದರವು ಹೆಚ್ಚಾಗಿದೆ. ಫ್ಲಾಪಿಯು ಓದಿತು, ಫೈಲು ತೆರೆಯಿತು ಎಂದಮೇಲೂ ಬೈಟುಗಳು ಯಾವ ಅಕ್ಷರಗಳೆಂಬ ಪ್ರಶ್ನೆಯು ಉಳಿಯುವುದು. ಭಾರತೀಯ ಲಿಪಿಗಳಿಗಾಗಿ ೧೯೯೧ರಲ್ಲಿ ‘ಇಸ್ಕಿ’ ಎಂಬ ಮಾನಕವು ಅಂಗೀಕೃತವಾಯಿತು. ಅದೇ ವರ್ಷ ಪ್ರಕಟವಾದ ಯೂನಿಕೋಡಿನ ಮೊದಲನೆಯ ಆವೃತ್ತಿಯಲ್ಲಿಯೂ ಕನ್ನಡಕ್ಕೆ ಸ್ಥಾನವು ದೊರೆಯಿತು. ಆದರೂ ಅನಂತರ ಬಹುಕಾಲ ಅಚ್ಚಿನ ಕೆಲಸವು ನಡೆದುದು ಅಕ್ಷರರೂಪದ ತುಂಡುಗಳಿಗೆ ತಮತಮಗೆ ತೋರಿದ ಅಂಕಗಳನ್ನು ಕೊಟ್ಟ ನಾನಾ ಫಾಂಟುಗಳಲ್ಲಿ. ಒಂದು ಫಾಂಟಿನಲ್ಲಿ ಒತ್ತಕ್ಷರವಾದ ಅಂಕವು ಮತ್ತೊಂದರಲ್ಲಿ ಗುಣಿತಚಿಹ್ನೆಯಾಗುವುದು. ಹೀಗೆ ಆ ಕಾಲದಲ್ಲಿ ಬೆರಳಚ್ಚಾದ ಪ್ರಬಂಧಗಳೂ ನಿಘಂಟಿನ ಚೀಟಿಗಳೂ ಸಂಪಾದಿತ ಗ್ರಂಥಗಳ ಕರಡುಗಳೂ ಇಂದು ಅಕ್ಷರಗುಂಡಿನ ಸ್ಥಿತಿಯಲ್ಲಿವೆ: ಬರೆಹವೆಂಬುದು ಕಾಣುವುದು, ಬರೆಹವೇನೆಂಬುದು ತಿಳಿಯದು.

ಮೊಳಕಾಲ್ಮೂರಿನ ಶಾಸನಗಳು ನಮಗೆ ಎರಡು ಉಪಾಯಗಳನ್ನು ತೋರಿಸಿವೆ. ಜಟಿಂಗರಾಮೇಶ್ವರದ ಪ್ರತಿಯು ಬಹಳವಾಗಿ ಸವೆದಿದೆ. ಅದರ ಲೋಪಗಳನ್ನು ಮಿಕ್ಕ ಎರಡು ಪ್ರತಿಗಳ ಸಹಾಯದಿಂದ ತುಂಬಿಕೊಳ್ಳಲು ಸಾಧ್ಯವಾಯಿತು. ಪ್ರತಿಗಳು ಬೇರೆಬೇರೆ ಸ್ಥಳಗಳಲ್ಲಿ ಇರಬೇಕೆಂಬುದು ಮೊದಲನೆಯ ಉಪಾಯ. ಅವುಗಳನ್ನು ಬರೆದ ಚಪಡನು ಶಾಸನವನ್ನು ಬ್ರಾಹ್ಮಿಯಲ್ಲಿ ಬರೆದು, ತಾನು ಲಿಪಿಕಾರನೆಂಬ ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಆ ಒಂದು ಪದದಿಂದ ಅವನ ವಿದ್ಯೆಯ ಮೂಲವು ವಾಯವ್ಯದೇಶದ ಕಡೆಯದೆಂದು ಊಹಿಸಲು ವಿದ್ವಾಂಸರಿಗೆ ಅವಕಾಶವಾಗಿದೆ. ಬರೆದವನ ಸಾಧನಸಂಪತ್ತಿಯ ಗುರುತು ಬರೆಹದೊಡನೆಯೇ ಇರಬೇಕೆಂಬುದು ಎರಡನೆಯದು. ಯಾವ ಯಂತ್ರ, ಯಾವ ಡ್ರೈವು, ಎಷ್ಟು ಟ್ರ್ಯಾಕು, ಯಾವ ಕಾರ್ಡು, ಯಾವ ಫಾಂಟು, ಯಾವ ದಿನ ಓದಿ ತಾಳೆ ನೋಡಲಾಯಿತು ಎಂಬಿಷ್ಟನ್ನು ಪೆಟ್ಟಿಗೆಯೊಳಗಿನ ಒಂದು ಕಾಗದದಲ್ಲಿ ಬರೆದಿಟ್ಟರೆ ಅದೇ ಆ ಪ್ರತಿಯ ಪುಷ್ಪಿಕೆಯಾಗುವುದು.

ಈ ಕೆಲಸವನ್ನು ಯಂತ್ರಶಾಸ್ತ್ರಜ್ಞರಿಗೇ ಬಿಟ್ಟುಬಿಡುವುದು ಸರಿಯಲ್ಲವೆಂದು ನಮ್ಮ ಅಭಿಪ್ರಾಯ. ಬೈಟುಗಳು ತಾಳೆಯಾದುವೆಂದು ಅವರು ಹೇಳಬಲ್ಲರು; ಪಾಠವು ತಾಳೆಯಾಯಿತೆಂದು ಹೇಳಬೇಕಾದವರು ಸಾಹಿತ್ಯವನ್ನು ಬಲ್ಲವರು. ಶಾಲೆ ಕಾಲೇಜುಗಳ ಕಪಾಟುಗಳಲ್ಲಿಯೂ ಹಿರಿಯ ವಿದ್ವಾಂಸರ ಮನೆಗಳಲ್ಲಿಯೂ ಇರುವ ಫ್ಲಾಪಿಗಳನ್ನು, ಅವನ್ನು ಓದಬಲ್ಲ ಡ್ರೈವುಗಳು ಇನ್ನೂ ತಿರುಗುತ್ತಿರುವಾಗಲೇ, ಒಂದೊಂದಾಗಿ ಪರೀಕ್ಷಿಸಿ ಪಟ್ಟಿಮಾಡುವ ಕಾರ್ಯವನ್ನು ಅಧ್ಯಾಪಕರು ಕೈಕೊಳ್ಳಬೇಕೆಂದು ಪ್ರಾರ್ಥಿಸುತ್ತೇವೆ.