ನೋ ಪಾರ್ಕಿಂಗ್ ಬೋರ್ಡಿನ ಹಿಂದೆ ಯಾರಿದ್ದಾರೆ?

ತಾಲ್ಲೂಕು ಪೇಟೆಗೆ ಬೈಕಿನಲ್ಲೋ ಲಗೇಜ್ ಆಟೊದಲ್ಲೋ ಹೋಗುವ ನಮಗೆಲ್ಲ ಒಂದು ಬೋರ್ಡು ಚೆನ್ನಾಗಿ ಗೊತ್ತು: ‘ವಾಹನ ನಿಲುಗಡೆ ನಿಷೇಧಿಸಿದೆ’. ಹೋದ ಸಂತೆಗೆ ಇರಲಿಲ್ಲ, ಈ ಸಂತೆಗೆ ಇದೆ. ಪೊಲೀಸರನ್ನು ಕೇಳಿದರೆ ಪುರಸಭೆ ಕಡೆ ಕೈ ತೋರಿಸುತ್ತಾರೆ. ಪುರಸಭೆಯಲ್ಲಿ ಕೇಳಿದರೆ ‘ಡಿಸಿ ಆದೇಶ’ ಎನ್ನುತ್ತಾರೆ. ದಂಡ ಮಾತ್ರ ನಮ್ಮ ಜೇಬಿನಿಂದ ಹೋಗುತ್ತದೆ. ಈ ಅಧಿಕಾರ ಯಾರ ಕೈಯಿಂದ ಯಾರ ಕೈಗೆ ಬಂತು ಎಂಬ ಚರಿತ್ರೆ ಗೊತ್ತಾದರೆ, ಯಾರನ್ನು ಕೇಳಬೇಕು ಎಂಬುದೂ ಗೊತ್ತಾಗುತ್ತದೆ.

ಶುರು ಮಾಡಬೇಕಾದದ್ದು 1882ರಿಂದ. ಆ ವರ್ಷ ಮೇ ತಿಂಗಳಲ್ಲಿ ವೈಸ್‌ರಾಯ್ ಲಾರ್ಡ್ ರಿಪನ್ ಸ್ಥಳೀಯ ಆಡಳಿತದ ಬಗ್ಗೆ ಒಂದು ನಿರ್ಣಯ ಹೊರಡಿಸಿದ. ಊರಿನ ಕೆಲಸ ನೋಡಿಕೊಳ್ಳುವ ಮಂಡಳಿಗಳಲ್ಲಿ ಸರ್ಕಾರಿ ಅಧಿಕಾರಿಗಳಿಗಿಂತ ಹೊರಗಿನ ಸದಸ್ಯರೇ ಹೆಚ್ಚಿರಬೇಕು, ಸಾಧ್ಯವಿದ್ದ ಕಡೆ ಅವರು ಚುನಾವಣೆಯಿಂದ ಬರಬೇಕು ಎಂಬುದು ಅದರ ಸಾರ. ಬೀದಿ, ಚರಂಡಿ, ದೀಪ ಊರಿನವರ ಕೈಗೆ ಬರಲಿ ಎಂಬ ಆಸೆ ಅದರಲ್ಲಿತ್ತು. ಆಗ ಬೀದಿಯಲ್ಲಿ ಓಡುತ್ತಿದ್ದದ್ದು ಎತ್ತಿನ ಗಾಡಿ, ಜಟಕಾ.

ಮೋಟಾರು ಬಂದ ಮೇಲೆ ಲೆಕ್ಕ ಬದಲಾಯಿತು. 1914ರಲ್ಲಿ ಮೊದಲ ಮೋಟಾರು ವಾಹನ ಕಾಯ್ದೆ ಬಂತು. 1939ರಲ್ಲಿ ಅದಕ್ಕಿಂತ ದೊಡ್ಡದು ಬಂತು. ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಧಾರವಾಡ, ವಿಜಾಪುರಕ್ಕೂ, ಮದ್ರಾಸ್ ಪ್ರಾಂತ್ಯದಲ್ಲಿದ್ದ ಮಂಗಳೂರು, ಬಳ್ಳಾರಿಗೂ ಅದೇ ಕಾನೂನು. ವಾಹನ ಎಲ್ಲಿ ನಿಲ್ಲಬೇಕೆಂದು ಗೊತ್ತು ಮಾಡುವ ಅಧಿಕಾರವನ್ನು ಅದರ 76ನೇ ಕಲಂ ಸರ್ಕಾರಕ್ಕೆ ಅಥವಾ ಸರ್ಕಾರ ಅಧಿಕಾರ ಕೊಟ್ಟವರಿಗೆ ಕೊಟ್ಟಿತು. ಅವರು ಆ ಊರಿನ ಸ್ಥಳೀಯ ಸಂಸ್ಥೆಯ ಜೊತೆ ಸಮಾಲೋಚನೆ ಮಾಡಬೇಕು ಎಂದೂ ಹೇಳಿತು.

ಈ ಕಲಮಿನಲ್ಲಿ ಮೂವರಿದ್ದಾರೆ: ಸರ್ಕಾರ, ಅದು ನೇಮಿಸಿದ ಅಧಿಕಾರಿ, ಸ್ಥಳೀಯ ಸಂಸ್ಥೆ. ತೀರ್ಮಾನ ಮೊದಲಿಬ್ಬರದು, ಮೂರನೆಯವರದು ಸಲಹೆ. ನಾಲ್ಕನೆಯವರು, ಅಂದರೆ ಹಳ್ಳಿಯಿಂದ ಗಾಡಿ ಹೊಡೆದುಕೊಂಡು ಪೇಟೆಗೆ ಬರುವ ನಾವು, ಇಲ್ಲಿ ಇಲ್ಲ.

ಈಗ ಇರುವುದು 1988ರ ಕಾಯ್ದೆ. ಜಾರಿಗೆ ಬಂದದ್ದು 1989ರ ಜುಲೈ 1ರಂದು. ಅದರ 117ನೇ ಕಲಂ ಹಳೆಯ 76ರ ಮಾತನ್ನೇ ಹೇಳುತ್ತದೆ. 115ನೇ ಕಲಂ ವಾಹನ ಸಂಚಾರ ನಿರ್ಬಂಧಿಸುವ ಅಧಿಕಾರದ್ದು. ಮಳೆಗಾಲದಲ್ಲಿ ಘಾಟಿ ರಸ್ತೆ ಕುಸಿದಾಗ ನಮ್ಮ ಜಿಲ್ಲಾಧಿಕಾರಿಗಳು ಭಾರಿ ವಾಹನ ನಿಷೇಧಿಸುವುದು ಇದನ್ನೇ ಹಿಡಿದು. ಆದರೆ ಅದೇ ಕಲಮಿನಲ್ಲಿ ನಮಗೆ ಬೇಕಾದ ಮಾತೂ ಇದೆ. ಇಂಥ ನಿರ್ಬಂಧವನ್ನು ರಾಜ್ಯಪತ್ರದಲ್ಲಿ ಪ್ರಕಟಿಸಬೇಕು, ಜಾಗದಲ್ಲಿ ಫಲಕ ಹಾಕಬೇಕು. ಒಂದು ತಿಂಗಳು ಮೀರದ ನಿರ್ಬಂಧಕ್ಕೆ ರಾಜ್ಯಪತ್ರ ಬೇಡ, ಆದರೆ ಊರಿನಲ್ಲಿ ಆದಷ್ಟು ಪ್ರಚಾರ ಮಾಡಲೇಬೇಕು.

1993ರಲ್ಲಿ ಸಂವಿಧಾನದ 74ನೇ ತಿದ್ದುಪಡಿ ಜಾರಿಗೆ ಬಂತು. ಪಟ್ಟಣದ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳ ಪಟ್ಟಿಯಲ್ಲಿ ಬೀದಿದೀಪ, ಬಸ್ ನಿಲ್ದಾಣದ ಜೊತೆ ವಾಹನ ನಿಲುಗಡೆ ಜಾಗವೂ ಸೇರಿತು. ಸಂಚಾರ ನಿಯಂತ್ರಣ ಎಂಬ ವಿಷಯ ಮಾತ್ರ ಆ ಪಟ್ಟಿಯಲ್ಲಿಲ್ಲ. ಹೀಗೆ ಪಾರ್ಕಿಂಗ್ ಜಾಗ ಮಾಡಿಕೊಡುವುದು ಪುರಸಭೆ, ರಸ್ತೆಯಲ್ಲಿ ನಿಲ್ಲಬಾರದೆನ್ನುವುದು ಇನ್ನೊಬ್ಬರು, ದಂಡ ಹಾಕುವುದು ಪೊಲೀಸರು ಎಂದಾಯಿತು. ಜಾಗ ಮಾಡಿಕೊಡದೆ ಬೋರ್ಡು ಮಾತ್ರ ನೆಡುವುದು ಸಲೀಸಾದದ್ದು ಇದರಿಂದಲೇ.

ಸಲಹೆ ಕೊಡಬೇಕಾದ ಕೌನ್ಸಿಲ್ ಕೂಡ ಎಲ್ಲ ಕಾಲದಲ್ಲೂ ಇರುವುದಿಲ್ಲ. 2018ರಲ್ಲಿ ರಾಜ್ಯದ ಅನೇಕ ಪುರಸಭೆ, ನಗರಸಭೆಗಳಿಗೆ ಚುನಾವಣೆ ನಡೆಯಿತು. ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ವಿಚಾರ ಕೋರ್ಟಿಗೆ ಹೋಗಿ, 2020ರವರೆಗೆ ಬಹಳಷ್ಟು ಕಡೆ ಆಡಳಿತಾಧಿಕಾರಿಗಳೇ ಕಾರಭಾರ ನಡೆಸಿದರು. ಗೆದ್ದ ಸದಸ್ಯರು ಮನೆಯಲ್ಲಿ, ತೀರ್ಮಾನ ಕಚೇರಿಯಲ್ಲಿ.

ಅಧಿಕಾರಿ ತೀರ್ಮಾನಿಸುವುದೇ ತಪ್ಪು ಎಂದು ನಾವು ಹೇಳುತ್ತಿಲ್ಲ. ರಸ್ತೆಯ ಅಗಲ ಅಳೆದು ನೋಡುವ ಎಂಜಿನಿಯರ್, ಅಂಗಡಿಯವರ ವೋಟಿಗೆ ಹೆದರುವ ಸದಸ್ಯನಿಗಿಂತ ಎಷ್ಟೋ ಸಲ ನ್ಯಾಯವಾಗಿ ಹೇಳಬಲ್ಲ. ಇಂಗ್ಲೆಂಡಿನಲ್ಲಿ 1972ರ ಸ್ಥಳೀಯ ಆಡಳಿತ ಕಾಯ್ದೆಯ 101ನೇ ಕಲಂ, ಕೌನ್ಸಿಲು ತನ್ನ ಕೆಲಸವನ್ನು ಸಮಿತಿಗೋ ಅಧಿಕಾರಿಗೋ ವಹಿಸಲು ಅವಕಾಶ ಕೊಟ್ಟಿದೆ. ಪಾರ್ಕಿಂಗ್ ಆದೇಶವನ್ನೂ ಹಾಗೆ ವಹಿಸಬಹುದು. ಆದರೆ 1996ರ ನಿಯಮಗಳ ಪ್ರಕಾರ ಕಾಯಂ ಸಂಚಾರ ಆದೇಶ ಮಾಡುವ ಮೊದಲು ಅದನ್ನು ಪ್ರಕಟಿಸಿ, ಆಕ್ಷೇಪಣೆಗೆ ಕನಿಷ್ಠ 21 ದಿನ ಕೊಡಬೇಕು. ಆಕ್ಷೇಪಣೆ ಹಾಕಲು ಆ ಊರಿನ ಮತದಾರನೇ ಆಗಿರಬೇಕಿಲ್ಲ.

ನಮಗೆ ಮುಖ್ಯವಾದದ್ದು ಈ ಕೊನೆಯ ಮಾತು. ಪೇಟೆಯಲ್ಲಿ ನಮ್ಮ ವೋಟಿಲ್ಲ. ಅಲ್ಲಿನ ವಾರ್ಡ್ ಸದಸ್ಯ ನಮ್ಮನ್ನು ಕೇಳಬೇಕಿಲ್ಲ, ಅಧಿಕಾರಿಯೂ ಕೇಳಬೇಕಿಲ್ಲ. ಟೊಮೆಟೊ ಕ್ರೇಟು ಇಳಿಸುವುದು, ಬಾಣಂತಿಯನ್ನು ಆಸ್ಪತ್ರೆ ಬಾಗಿಲಲ್ಲಿ ಇಳಿಸುವುದು, ಬ್ಯಾಂಕಿನ ಮುಂದೆ ಬೈಕ್ ನಿಲ್ಲಿಸುವುದು ಮಾತ್ರ ನಮ್ಮ ದಿನದ ಪಾಡು. ಮೊದಲೇ ತಿಳಿಸಿ, ಆಕ್ಷೇಪಣೆ ಕೇಳುವ ಆ ಕೆಲವು ದಿನಗಳೇ ಹೊರಗಿನಿಂದ ಬರುವವರ ವೋಟು. ನಮ್ಮ 117ನೇ ಕಲಂ ಸ್ಥಳೀಯ ಸಂಸ್ಥೆಯನ್ನು ಕೇಳಿ ಎನ್ನುತ್ತದೆ, ಜನರನ್ನು ಕೇಳಿ ಎನ್ನುವುದಿಲ್ಲ. 1939ರಿಂದ ಉಳಿದುಬಂದ ಕೊರತೆ ಇದು.

ಕಾನೂನು ಬದಲಾಗುವ ತನಕ ಸುಮ್ಮನಿರಬೇಕಾಗಿಲ್ಲ. ಹೊಸ ಬೋರ್ಡು ಕಂಡರೆ ಆದೇಶದ ಸಂಖ್ಯೆ, ತಾರೀಖು ಕೇಳಿ. ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. 30 ದಿನದಲ್ಲಿ ಉತ್ತರ ಬರಬೇಕು. ಆದೇಶದ ಪ್ರತಿ, ಪುರಸಭೆಯ ಜೊತೆ ಸಮಾಲೋಚಿಸಿದ ದಾಖಲೆ, ಬದಲಿ ಜಾಗ ಗೊತ್ತು ಮಾಡಿದ್ದರೆ ಅದರ ವಿವರ, ಈ ಮೂರನ್ನು ಕೇಳಿದರೆ ಸಾಕು. ಸಂತೆ ದಿನ ಗಾಡಿ ನಿಲ್ಲಿಸಲು ಜಾಗ ಬೇಕೆಂದು ಗ್ರಾಮಸಭೆಯಲ್ಲಿ ಠರಾವು ಮಾಡಿ ಜಿಲ್ಲಾಧಿಕಾರಿಗೆ ಕಳಿಸಿ. ಒಂದು ಪಂಚಾಯಿತಿಯ ಕಾಗದ ಕಡತದಲ್ಲೇ ಉಳಿಯಬಹುದು; ಸಂತೆಗೆ ಬರುವ ಹತ್ತು ಪಂಚಾಯಿತಿಗಳ ಕಾಗದ ಒಟ್ಟಿಗೆ ಹೋದರೆ ಉತ್ತರ ಬರೆಯಲೇಬೇಕಾಗುತ್ತದೆ.