ಕೊಹ್ಲಿಯನ್ನು ಕೊಟ್ಟು ಹೇಡನ್‌ನನ್ನು ತಂದ ಕಥೆ

ನಾನು ಅಂಬತ್ತೂರಿಗೆ ಬಂದು ಮೂವತ್ತೈದು ವರ್ಷಗಳ ಮೇಲಾಯಿತು. ಇಲ್ಲಿನ ಕೈಗಾರಿಕಾ ಎಸ್ಟೇಟಿನಲ್ಲಿ ಕೆಲಸ ಮಾಡಿದವರಿಗೆ ಚೀಟಿ ಹರಾಜು ಅಂದರೆ ಏನು ಅಂತ ವಿವರಿಸಬೇಕಾಗಿಲ್ಲ. ತಿಂಗಳಿಗೆ ಸಾವಿರದಂತೆ ಇಪ್ಪತ್ತು ಜನ ಕಟ್ಟುತ್ತಾರೆ. ಮಗಳ ಮದುವೆಯೋ ಆಸ್ಪತ್ರೆ ಖರ್ಚೋ ಬಂದವನು ಇಪ್ಪತ್ತು ಸಾವಿರದ ಚೀಟಿಯನ್ನು ಹದಿನಾಲ್ಕಕ್ಕೇ ಎತ್ತಿಕೊಂಡು ಹೋಗುತ್ತಾನೆ. ಬಿಟ್ಟುಕೊಟ್ಟ ಆರು ಸಾವಿರ ಕಾದು ಕೂತವರ ಪಾಲು. ನಾನು ಒಮ್ಮೆಯೂ ಮೊದಲೇ ಎತ್ತಿದವನಲ್ಲ, ಅದರ ಬಗ್ಗೆ ಸ್ವಲ್ಪ ಜಂಬವೂ ಇತ್ತು. ಆದರೆ ಕ್ರಿಕೆಟ್ಟಿನ ಒಂದು ನೋಟ್‌ಬುಕ್ಕಿನಲ್ಲಿ ಆ ಜಂಬವೆಲ್ಲ ಇಳಿದುಹೋಯಿತು ನೋಡಿ.

2008ರಲ್ಲಿ ಐಪಿಎಲ್ ಶುರುವಾದಾಗ ನಮ್ಮ ಕ್ಯಾಂಟೀನಿನಲ್ಲಿ ಆರು ಜನ ಸೇರಿ ಒಂದು ಕಾಗದದ ಲೀಗ್ ಮಾಡಿಕೊಂಡೆವು. ಸ್ಟೋರ್ಸಿನ ಮೇಲ್ವಿಚಾರಕರ ತಮ್ಮ ಅಮೆರಿಕದಲ್ಲಿದ್ದ. ಅಲ್ಲಿನವರು ತಮ್ಮ ಫುಟ್‌ಬಾಲನ್ನು ಹೀಗೆ ಆಡುತ್ತಾರೆ ಅಂತ ಅವನೇ ಹೇಳಿಕೊಟ್ಟದ್ದು. ಅಲ್ಲಿ ಇದು 1962ರಲ್ಲೇ ಹುಟ್ಟಿದ ಹುಚ್ಚು. ಅದರಲ್ಲೇ ಒಂದು ಬಗೆ 'ಡೈನಾಸ್ಟಿ', ಅಂದರೆ ಅರಮನೆಯ ವಂಶದ ಹಾಗೆ. ಒಮ್ಮೆ ಆರಿಸಿಕೊಂಡ ಆಟಗಾರ ನಿವೃತ್ತನಾಗುವವರೆಗೂ ನಿಮ್ಮವನೇ. ಪ್ರತಿ ವರ್ಷ ಹೊಸ ಹುಡುಗರನ್ನು ಮಾತ್ರ ಹಂಚಿಕೊಳ್ಳುವುದು, ಕೊನೆಯ ಸ್ಥಾನದವನಿಗೆ ಮೊದಲ ಸರದಿ. ಆಟಗಾರರನ್ನಷ್ಟೇ ಅಲ್ಲ, ಇನ್ನೂ ಬಾರದ ವರ್ಷದ ಸರದಿಯನ್ನೂ ಮಾರಬಹುದು, ಕೊಳ್ಳಬಹುದು. ಪಂದ್ಯ ಹಣ ಅಂತ ಏನೂ ಇರಲಿಲ್ಲ, ಸೋತವರು ಮಸಾಲೆ ದೋಸೆ ಕೊಡಿಸಬೇಕು ಅಷ್ಟೇ.

ಆ ವರ್ಷ ನಿಜವಾದ ಐಪಿಎಲ್‌ನಲ್ಲೂ ಇಂಥದ್ದೇ ಒಂದು ಹಂಚಿಕೆ ನಡೆಯಿತು ಅನ್ನುವುದು ಈಗ ಬಹಳ ಜನಕ್ಕೆ ಮರೆತಿದೆ. ಫೆಬ್ರವರಿ 20ರ ಹರಾಜಿನಲ್ಲಿ ಧೋನಿಯನ್ನು ಚೆನ್ನೈ 15 ಲಕ್ಷ ಡಾಲರಿಗೆ ಕೊಂಡಿತು. ಮಾರ್ಚ್ 2ರಂದು ಕ್ವಾಲಾಲಂಪುರದಲ್ಲಿ ನಮ್ಮ 19ರ ಒಳಗಿನ ಹುಡುಗರು ವಿಶ್ವಕಪ್ ಗೆದ್ದರು. ಆ ಹುಡುಗರನ್ನು ಹರಾಜಿಗೆ ಹಾಕಲಿಲ್ಲ, ತಂಡಗಳು ಸರದಿಯ ಮೇಲೆ ಆರಿಸಿಕೊಂಡವು. ಬೆಲೆ ಮೊದಲೇ ನಿಗದಿ. ಕೊಹ್ಲಿಗೆ ಸಿಕ್ಕಿದ್ದು 30 ಸಾವಿರ ಡಾಲರ್, ಆಗಿನ ಲೆಕ್ಕದಲ್ಲಿ 12 ಲಕ್ಷ ರೂಪಾಯಿ. ಧೋನಿಯ ಐವತ್ತನೇ ಒಂದು ಭಾಗ! ಬೆಲೆ ಕಟ್ಟಿಹಾಕಿದ ಮೇಲೆ ಬೆಲೆ ಇರುವುದು ಹುಡುಗನಿಗಲ್ಲ, ಸರದಿಗೆ.

ಮೊದಲ ಸರದಿ ದೆಹಲಿಯದ್ದು. ವಿಶ್ವಕಪ್ ಗೆದ್ದ ನಾಯಕ ಅವರದೇ ಊರಿನ ಹುಡುಗ. ಅವರು ಆರಿಸಿದ್ದು ಎಡಗೈ ವೇಗಿ ಪ್ರದೀಪ್ ಸಾಂಗ್ವಾನ್‌ನನ್ನು. ಈಗ ಎಲ್ಲರೂ ನಗುತ್ತಾರೆ. ಆದರೆ ಸೆಹವಾಗ್, ಗಂಭೀರ್, ಧವನ್, ಡಿವಿಲಿಯರ್ಸ್ ಇದ್ದ ಮನೆಗೆ ಇನ್ನೊಬ್ಬ ಬ್ಯಾಟ್ಸ್‌ಮನ್ ಯಾಕೆ? ಸಾಂಗ್ವಾನ್ ಆ ಋತುವಿನಲ್ಲಿ ರಣಜಿ ಗೆದ್ದ ದೆಹಲಿ ತಂಡದ ಬೌಲರ್. ಅಂದಿನ ಲೆಕ್ಕ ತಪ್ಪಲ್ಲ. ಅವನು ಭಾರತಕ್ಕೆ ಆಡಲೇ ಇಲ್ಲ ಅನ್ನುವುದು ಆಮೇಲಿನ ಮಾತು. ಕೊಹ್ಲಿ ಬೆಂಗಳೂರಿನ ಪಾಲಾದ. ಜಡೇಜಾ ರಾಜಸ್ಥಾನಕ್ಕೆ, ನಮ್ಮ ಮನೀಶ್ ಪಾಂಡೆ ಮುಂಬೈಗೆ. ಚೆನ್ನೈ ತಂಡದಲ್ಲಿ ನೆಪೋಲಿಯನ್ ಐನ್‌ಸ್ಟೈನ್ ಅನ್ನುವ ಹುಡುಗನಿದ್ದ (ತಮಾಷೆಯಲ್ಲ, ಹೆಸರೇ ಅದು). ಕ್ಯಾಂಟೀನಿನಲ್ಲಿ ಆ ಹೆಸರಿಗಾಗಿಯೇ ಒಬ್ಬರು ಅವನನ್ನು ಆರಿಸಿಕೊಂಡರು.

ನಾನು ಕೊಹ್ಲಿಯನ್ನು ತೆಗೆದುಕೊಂಡೆ. ದೂರದೃಷ್ಟಿಯಿಂದಲ್ಲ, ಬೆಂಗಳೂರಿನ ತಂಡ ಅಂತ. ಆ ವರ್ಷ ಅವನು 13 ಪಂದ್ಯಗಳಲ್ಲಿ ಹೊಡೆದದ್ದು 165 ರನ್, ಸರಾಸರಿ 15. ಬೆಂಗಳೂರು ಎಂಟರಲ್ಲಿ ಏಳನೆಯದು. ಎಲ್ಲ ಕಡೆ ಹಳದಿ ಬಣ್ಣದ ಊರಿನಲ್ಲಿ ನಾನೊಬ್ಬನೇ ಕೆಂಪು ಹಿಡಿದು ಕೂತವನು. ದಿನಾ ಊಟದ ಹೊತ್ತಿಗೆ ಏನೇನು ಕೇಳಿದ್ದೇನೋ ಬಿಡಿ.

2009ರ ಶುರುವಿನಲ್ಲಿ ನಿಜವಾದ ತಂಡಗಳೂ ಅದಲುಬದಲು ಮಾಡಿಕೊಂಡವು. ಬೆಂಗಳೂರು ಜಹೀರ್ ಖಾನ್‌ನನ್ನು ಮುಂಬೈಗೆ ಕೊಟ್ಟು ನಮ್ಮ ಕೊಡಗಿನ ರಾಬಿನ್ ಉತ್ತಪ್ಪನನ್ನು ಕರೆಸಿಕೊಂಡಿತು. ಮನೀಶ್ ಪಾಂಡೆಯೂ ಬೆಂಗಳೂರಿಗೆ ಬಂದು, ಆ ಮೇ 21ರಂದು ಸೆಂಚೂರಿಯನ್‌ನಲ್ಲಿ ಐಪಿಎಲ್‌ನ ಮೊದಲ ಭಾರತೀಯ ಶತಕ ಹೊಡೆದ. ಮುಂಬೈ ಮೊದಲು ಹಿಡಿದು ಬಿಟ್ಟ ಹುಡುಗ!

ಆ ಗಾಳಿ ನನಗೂ ತಗುಲಿತ್ತು. ಸ್ಟೋರ್ಸಿನ ಮೇಲ್ವಿಚಾರಕರ ಬಳಿ ಮ್ಯಾಥ್ಯೂ ಹೇಡನ್ ಇದ್ದ. ಈ ವರ್ಷ ಗೆಲ್ಲಲೇಬೇಕು ಅಂತ ಹಟ. ಕೊಹ್ಲಿಯನ್ನು ಕೊಟ್ಟೆ, ಅದರ ಮೇಲೆ ಮುಂದಿನ ವರ್ಷದ ನನ್ನ ಮೊದಲ ಸುತ್ತಿನ ಸರದಿಯನ್ನೂ ಕೊಟ್ಟೆ. ಹೇಡನ್ ಆ ವರ್ಷ 572 ರನ್ ಹೊಡೆದು ಆರೆಂಜ್ ಕ್ಯಾಪ್ ಹಾಕಿಕೊಂಡ. ನಾನು ಗೆದ್ದೆ, ಐವರ ದುಡ್ಡಿನಲ್ಲಿ ದೋಸೆ ತಿಂದೆ. 2010 ಮುಗಿಯುತ್ತಲೇ ಅವನ ಐಪಿಎಲ್ ಮುಗಿಯಿತು. ನಾನು ಕೊಟ್ಟ ಸರದಿಯಲ್ಲಿ ಮೇಲ್ವಿಚಾರಕರು, ಇನ್ನೂ ಯಾರೂ ಮುಟ್ಟಿರದ ಅಶ್ವಿನ್‌ನನ್ನು ಎತ್ತಿಕೊಂಡರು. 2016ರಲ್ಲಿ ಕೊಹ್ಲಿ ಒಂದೇ ಋತುವಿನಲ್ಲಿ 973 ಹೊಡೆದಾಗ ನಾನು ಆ ನೋಟ್‌ಬುಕ್ ಮುಟ್ಟಲೇ ಇಲ್ಲ.

ಇದೊಂದು ಜಾಡ್ಯ ಅಂತ ಗೊತ್ತಾದದ್ದು ಅಮೆರಿಕದ ಇತಿಹಾಸ ಓದಿದ ಮೇಲೆ. ಅಲ್ಲಿನ ವೃತ್ತಿಪರ ಫುಟ್‌ಬಾಲಿನ ಮೊದಲ ಡ್ರಾಫ್ಟ್ ನಡೆದದ್ದು 1936ರಲ್ಲಿ. ಮೊದಲನೆಯವನಾಗಿ ಆಯ್ಕೆಯಾದ ಜೇ ಬರ್ವ್ಯಾಂಗರ್ ಮೇಲಿನ ಹಕ್ಕನ್ನು ಫಿಲಡೆಲ್ಫಿಯಾ ಶಿಕಾಗೋಗೆ ಮಾರಿತು, ಆತ ಎರಡೂ ಕಡೆ ಆಡಲಿಲ್ಲ! 1991ರಲ್ಲಿ ಡಲ್ಲಾಸ್ ತಂಡದವರು ಸರದಿಗಳಿಗೆ ಕಿರಾಣಿ ಅಂಗಡಿಯ ದರಪಟ್ಟಿ ಥರ ಅಂಕ ಬರೆದಿಟ್ಟರು. ಮೊದಲನೆಯದಕ್ಕೆ 3000, ಎರಡನೆಯದಕ್ಕೆ 2600, ಹದಿನಾರನೆಯದಕ್ಕೆ 1000. ಬೇರೆ ತಂಡಗಳೂ ಅದನ್ನೇ ಹಿಡಿದವು. ಆಮೇಲೆ ಕೇಡ್ ಮ್ಯಾಸಿ ಮತ್ತು ರಿಚರ್ಡ್ ಥೇಲರ್ (ಮುಂದೆ 2017ರಲ್ಲಿ ನೊಬೆಲ್ ಪಡೆದವರು) ಲೆಕ್ಕ ಹಾಕಿ ನೋಡಿದರು. ಮೊದಲ ಸರದಿಗೆ ತಂಡಗಳು ಕೊಡುವ ಬೆಲೆ ಅತಿಯಾಯಿತು, ಅದೇ ಹೊತ್ತಿಗೆ ಮುಂದಿನ ವರ್ಷದ ಸರದಿಯನ್ನು ತೀರಾ ಅಗ್ಗಕ್ಕೆ ಬಿಡುತ್ತಾರೆ. ಬಡ್ಡಿಯಾಗಿ ಎಣಿಸಿದರೆ ವರ್ಷಕ್ಕೆ ನೂರು ಪರ್ಸೆಂಟಿಗೂ ಮೇಲೆ. ನಮ್ಮ ಕಡೆ ಇದಕ್ಕೆ ಮೀಟರ್ ಬಡ್ಡಿ ಅನ್ನುತ್ತಾರೆ. ಚೀಟಿಯನ್ನು ಅರ್ಧ ಬೆಲೆಗೆ ಎತ್ತಿದವನನ್ನು ಕಂಡು 'ಅಯ್ಯೋ ಪಾಪ' ಅಂದವನು ನಾನು. ಅವನಿಗಾದರೂ ಮಗಳ ಮದುವೆ ಇತ್ತು.

ಈಗ ಐಪಿಎಲ್‌ನಲ್ಲಿ ಅಗ್ಗದ ಹುಡುಗರಿಲ್ಲ. 2014ರಿಂದ ಅವರೂ ಹರಾಜಿಗೆ ಬಂದರು. 2025ರ ನವೆಂಬರಿನಲ್ಲಿ ಚೆನ್ನೈ ತನ್ನ ಜಡೇಜಾ ಮತ್ತು ಸ್ಯಾಮ್ ಕರನ್‌ರನ್ನು ಕೊಟ್ಟು ರಾಜಸ್ಥಾನದಿಂದ ಸಂಜು ಸ್ಯಾಮ್ಸನ್‌ನನ್ನು ತಂದಿತು. 2008ರಲ್ಲಿ ಶುರುಮಾಡಿದ ಮನೆಗೇ ಜಡೇಜಾ ವಾಪಸ್, 14 ಕೋಟಿಗೆ. ಡಿಸೆಂಬರ್ 16ರ ಅಬುಧಾಬಿ ಹರಾಜಿನಲ್ಲಿ ಚೆನ್ನೈ ಅವನ ಥರದ್ದೇ ಎಡಗೈ ಸ್ಪಿನ್ನಿನ ಆಲ್‌ರೌಂಡರ್, ಇಪ್ಪತ್ತರ ಪ್ರಶಾಂತ್ ವೀರ್‌ಗೆ 14.20 ಕೋಟಿ ಕೊಟ್ಟಿತು. ಜಡೇಜಾಗಿಂತ ಇಪ್ಪತ್ತು ಲಕ್ಷ ಜಾಸ್ತಿ!

ಅವತ್ತು ರಾತ್ರಿ ಮೇಲ್ವಿಚಾರಕರ ಫೋನ್ ಬಂತು. ನಿವೃತ್ತರಾಗಿ ತಿರುನೆಲ್ವೇಲಿ ಸೇರಿದ್ದಾರೆ. ಲೀಗಿನಲ್ಲಿ ಈಗ ಉಳಿದಿರುವುದು ನಾವು ಮೂವರು, ಕೊನೆಯವನಾದ್ದರಿಂದ ಮೊದಲ ಸರದಿ ನನ್ನದು. "ನಿಮ್ಮ ಸರದಿ ಕೊಡಿ ಸಾರ್, ಕೊಹ್ಲಿಯನ್ನು ವಾಪಸ್ ಕೊಡ್ತೀನಿ" ಅಂದರು. ಕೊಹ್ಲಿಗೆ 37. ಥೇಲರ್ ಹೇಳಿದ್ದೆಲ್ಲ ನೆನಪಿಗೆ ಬಂತು, ಚೀಟಿಯೂ ಬಂತು. ಆದರೆ ಆ ಜೂನ್ 3ರಂದು ಬೆಂಗಳೂರು ಹದಿನೆಂಟು ವರ್ಷಕ್ಕೆ ಕಪ್ ಗೆದ್ದಾಗ ನನ್ನ ನೋಟ್‌ಬುಕ್ಕಿನಲ್ಲಿ ಅವನ ಹೆಸರು ಇರಲಿಲ್ಲವಲ್ಲ.

ಅವರು ಮಾತು ಮುಗಿಸುವ ಮೊದಲೇ ಆಗಲಿ ಅಂದುಬಿಟ್ಟೆ. ಒಳಗಿನಿಂದ ನನ್ನ ಹೆಂಡತಿ ನಗುವುದು ಕೇಳಿಸಿತು.